ಕಿಟಕಿಗೆ ಹಿಡಿದ ತೆಂಪೆ

“ಇದ್ಕೆ ಎರಡು ಮಗ್ಗುಲು ಅವೆಯೋ, ಒಂದೇಯೋ?”

ವಾರ್ತಿನಿ ಯಾರನ್ನೂ ನೋಡಿ ಕೇಳಲಿಲ್ಲ. ತಟ್ಟೆಯಲ್ಲಿದ್ದ ತೆಂಪೆಯ ಬಿಲ್ಲೆಯನ್ನು ಎರಡು ಬೆರಳಲ್ಲಿ ಎತ್ತಿ, ಊಟದ ಶೆಡ್ಡಿನ ಕಿಟಕಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ ಕೇಳಿದಳು. ಹುರಿದ ಬಿಲ್ಲೆ ಬಿಸಿಲಿಗೆ ಹಳದಿಯಾಗಿ ಹೊಳೆಯಿತು. ಸೋಯಾ ಕಾಳುಗಳ ನಡುವಿನ ಸಂದಿಯಲ್ಲಿ ಬೆಳಕು ತೂರಿ ಬಂದು ಅವಳ ಕೆನ್ನೆಯ ಮೇಲೆ ಚುಕ್ಕಿ ಚುಕ್ಕಿಯಾಗಿ ಕೂತಿತು.

“ಏನ್ ಕಾಣ್ತದಮ್ಮಿ?”

“ಸ್ಲಾಮೆತ್ ಬೆಟ್ಟ ಕಾಣಾಕಿಲ್ಲ, ಮೋಡ ಐತೆ. ಗೇಟಿನ ಕಾವಲಿನವ್ನು ಆಕಳಿಸ್ತಾವ್ನೆ.”

“ಸರ್ಯಾಗಿ ನೋಡು, ಹಲ್ಲು ಎಷ್ಟವೆ ಎಣಿಸು.”

“ಕೆಳಗಿಡೇ ತಾಯಿ, ಫ್ಯಾನ್ ಗಾಳಿಗೆ ಹಾರೋದ್ರೆ ಆಮ್ಯಾಕೆ ಬರೀ ಅನ್ನ.”

ಮೂರು ಸಾಲು ಬೆಂಚಿನವರೂ ನಕ್ಕರು. ನಾನೂ ನಕ್ಕೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

ನಾನು ದಾರ್ಸಿತಿ. ಈ ವಿಗ್ ಕಾರ್ಖಾನೆಯಲ್ಲಿ ವಾರ್ತಿನಿಯ ಪಕ್ಕದ ಸ್ಟೂಲು ನನ್ನದು. ಹನ್ನೊಂದು ವರ್ಷದಿಂದ ಬಲೆಯ ಕಣ್ಣಿಗೊಂದು ಕೂದಲು ಎಳೆದು ಗಂಟು ಹಾಕುತ್ತಿದ್ದೇನೆ. ನನಗೆ ಮಾತು ಕಡಿಮೆ. ನಮ್ಮ ಕಡೆ ಕೂಸು ಹುಟ್ಟಿದ ಮನೆಯಲ್ಲಿ ಪದ್ಯ ಓದಿಸುವ ವಾಡಿಕೆ. ಅಪ್ಪ ಓದುವವನು, ನಾನು ಅವನ ಮಂಡಿಯ ಪಕ್ಕ ಕೂತು ಕೇಳುವವಳು. ಹಾಗೆ ಕೇಳುವುದೇ ಅಭ್ಯಾಸವಾಗಿ ಹೋಯಿತು. ಯಾರು ಏನು ಹೇಳಿದರೂ ನನ್ನ ಬಾಯಿಂದ ಬರುವುದು “ಹೂಂ”. ಅದಕ್ಕೇ ಹುಡುಗಿಯರು ನನಗೆ ‘ಹೂಂ ಯು’ ಎಂದು ಹೆಸರಿಟ್ಟಿದ್ದಾರೆ. ಯು ಎಂದರೆ ಅಕ್ಕ.

“ಏನದು ನಗು?”

ಬಾಗಿಲಲ್ಲಿ ಪಾಕ್ ಹೆಂದಾರ್ತೊ ನಿಂತಿದ್ದರು. ನಮ್ಮ ಪಾಳಿಯ ಮೇಲ್ವಿಚಾರಕರು. ಅಪ್ಪನನ್ನೂ ಸಾಹೇಬರನ್ನೂ ನಾವು ಕರೆಯುವುದು ಒಂದೇ ಮಾತಿನಿಂದ: ಪಾಕ್. ಅಮ್ಮನಿಗೂ ಮರ್ಯಾದೆಯ ಹೆಂಗಸರಿಗೂ ಹಾಗೇ ಒಂದೇ ಮಾತು: ಬು. ಅವರು ಸೆಮಾರಾಂಗ್ ಪಟ್ಟಣದವರು. ಅವರ ಮಾತು ಇಸ್ತ್ರಿ ಮಾಡಿದ ಅಂಗಿಯ ಹಾಗೆ. ನಮ್ಮ ಬಾನ್ಯುಮಾಸ್ ಸೀಮೆಯ ಮಾತು ಕಿವಿಗೆ ಬಿದ್ದರೆ ಅವರಿಗೆ ಅಂಗಿಯ ಮೇಲೆ ಸಾರು ಬಿದ್ದಂತಾಗುತ್ತಿತ್ತು.

“ತಿನ್ನೋಕೆ ಕೊಟ್ಟರೆ ಆಟ ಆಡ್ತೀರಿ. ತೆಂಪೆ ಬುದ್ಧಿ! ತೆಂಪೆ ತಿಂದು ತಿಂದು ಹಾಗೇ ಆಗಿದೀರಿ. ಬೆರಳಿಟ್ಟು ಒತ್ತಿದರೆ ತಗ್ಗು.”

ಅಡುಗೆಮನೆಯ ಗೂಡುಕಿಟಕಿಯಿಂದ ಕಾಸ್ಮಿನಿಯ ದನಿ ಬಂತು. “ಒತ್ತಿದ್ರೆ ತಗ್ಗೋದು ಸೋಯಾ ಹಾಲಿನ ತೋಫು, ಪಾಕ್. ತೆಂಪೆ ಅಲ್ಲ. ತೆಂಪೆ ಕಾಳು ಒಂದನ್ನೊಂದು ಕಚ್ಕಂಡು ಕುಂತಿರ್ತವೆ. ಬುಡಿಸ್ಬೇಕು ಅಂದ್ರೆ ಚಾಕು ಬೇಕು.”

“ಚಾಕು ನಿನ್ನ ಕೈಯಲ್ಲೇ ಇದೆಯಲ್ಲ ಕಾಸ್ಮಿನಿ, ಬಾಯಿ ನಿಲ್ಲಿಸಿ ಅದನ್ನ ಆಡಿಸು.” ಅವರು ನಕ್ಕರು. “ಅಷ್ಟಕ್ಕೂ ಮೆಂಡೊವಾನ್ ಯಾರ ಊರಿನ ತಿಂಡಿ? ನಿಮ್ಮದೇ. ತೆಳ್ಳಗೆ ಕುಯ್ದ ತೆಂಪೆ, ಅರೆಬೆಂದದ್ದು. ನಿಮ್ಮ ಪದ್ಧತಿಗೆ ಗೌರವ ಕೊಟ್ಟು ನಾವೂ ತೆಳ್ಳಗೆ ಕುಯ್ಸಿದರೆ, ಅದಕ್ಕೂ ಕೊಂಕು.”

“ಮೆಂಡೊವಾನ್ ತೆಳ್ಳಗೇ ಇರ್ತದೆ ಪಾಕ್. ಆದ್ರೆ ನಿಮ್ಮ ಅಂಗೈಯಷ್ಟು ಅಗಲ ಇರ್ತದೆ. ಮ್ಯಾಲೆ ಹಿಟ್ಟಿನ ಹೊದಿಕೆ. ಆಮೇಲೆ, ಒಂದು ತಿಂದು ಕೈ ತೊಳೆದೋನ್ನ ನಮ್ಮೂರಲ್ಲಿ ಇನ್ನೂ ಯಾರೂ ನೋಡಿಲ್ಲ.”

ಕಾಸ್ಮಿನಿಗೆ ಐವತ್ತು ದಾಟಿದೆ. ಅವಳ ಅಜ್ಜಿಯ ಕಾಲದಿಂದ ಅವರದು ತೆಂಪೆಯ ಮನೆ. ಸೋಯಾ ಬೇಯಿಸಿ, ಹೊಳೆಯ ಬದಿಯಲ್ಲಿ ಬುಟ್ಟಿಯಲ್ಲಿ ತುಳಿದು ಸಿಪ್ಪೆ ಬಿಡಿಸಿ, ಹಾಲಿಗೆ ಹೆಪ್ಪು ಹಾಕಿದ ಹಾಗೆ ಬೂಷ್ಟು ಹಾಕಿ, ಬಾಳೆ ಎಲೆಯಲ್ಲಿ ಕಟ್ಟಿ ಎರಡು ದಿನ ಮಲಗಿಸಿದರೆ ಕಾಳೆಲ್ಲ ಬಿಳಿ ಹೊದಿಕೆಯಡಿ ಒಂದೇ ಗಟ್ಟಿಯಾಗಿ ಏಳುತ್ತದೆ. ಕೈಗೆ ತೆಗೆದುಕೊಂಡರೆ ಮಲಗಿದ ಮಗುವಿನಷ್ಟು ಬೆಚ್ಚಗೆ. ಅಂಥ ಗಟ್ಟಿಯನ್ನು ಅವಳು ಮೊದಲು ಕಣ್ಣಂದಾಜಿನಲ್ಲಿ ಕುಯ್ಯುತ್ತಿದ್ದಳು. ಮೊಳದುದ್ದಕ್ಕೆ ಮೂವತ್ತು ಬಿಲ್ಲೆ. ಆಮೇಲೆ ಅಚ್ಚು ಬಂತು. ಪಾಕ್ ಹೆಂದಾರ್ತೊ ಕಾರ್ಖಾನೆಯ ಬಡಗಿಯ ಕೈಯಲ್ಲಿ ಮಾಡಿಸಿದ ಮರದ ತೊಟ್ಟಿ ಅದು. ಎರಡೂ ಬದಿಗೆ ಬಾಚಣಿಗೆಯ ಹಲ್ಲಿನ ಹಾಗೆ ಸೀಳುಗಳು. ಸೀಳಿನಲ್ಲಿ ಚಾಕು ಇಳಿಸಿದರೆ ಮೊಳಕ್ಕೆ ನೂರಿಪ್ಪತ್ತು. ಕೂದಲಿನ ದಪ್ಪ ಅಳೆಯುವ ಕಾರ್ಖಾನೆ, ತೆಂಪೆಯನ್ನು ಬಿಡುತ್ತದೆಯೇ?

*

ನಿಜವಾದ ರಗಳೆ ಶುರುವಾದದ್ದು ಒಂದು ಕೂದಲಿನಿಂದ.

ಹೊರದೇಶದ ಯಾರೋ ಹೆಂಗಸು ಕಂದು ಬಣ್ಣದ ವಿಗ್ ಕೊಂಡಳಂತೆ. ಅದರೊಳಗೆ ಒಂದು ಕರಿ ಕೂದಲು ಇತ್ತಂತೆ. ಗಂಟು ಹಾಕಿದ್ದಲ್ಲ, ಸುಮ್ಮನೆ ಸಿಕ್ಕಿಕೊಂಡದ್ದು. ಬುಡದಲ್ಲಿ ಸಣ್ಣ ಬಿಳಿ ಬೇರು. ಅಂದರೆ ಬದುಕಿರುವ ತಲೆಯಿಂದ ಉದುರಿದ್ದು. ಆಕೆ ಹೇಸಿಕೊಂಡು ವಾಪಸು ಕಳಿಸಿದಳು.

“ಕೂದಲಿನ ಟೋಪಿಯಲ್ಲಿ ಕೂದಲು ಸಿಕ್ತು ಅಂತ ಹೇಸಿಗೆನಾ? ಮೀನಿನ ಸಾರಲ್ಲಿ ಮೀನು ಸಿಕ್ತು ಅಂದಂಗಾಯ್ತು” ಎಂದಳು ವಾರ್ತಿನಿ.

ನಗುವುದಕ್ಕೆ ಹೆಚ್ಚು ಹೊತ್ತು ಕೊಡಲಿಲ್ಲ. ಮಧ್ಯಾಹ್ನವೇ ತಲೆ ತಪಾಸಣೆ. ಪರದೆ ಇದ್ದ ಕೋಣೆ ಕಾರ್ಖಾನೆಯಲ್ಲಿ ಒಂದೇ: ನಮ್ಮ ನಮಾಜಿನ ಕೋಣೆ. ಚಾಪೆಗಳನ್ನು ಸುತ್ತಿ ಗೋಡೆಗೆ ಒರಗಿಸಿ, ನಡುವೆ ಒಂದು ಕುರ್ಚಿ ಹಾಕಿದರು. ಒಬ್ಬೊಬ್ಬಳೂ ತಲೆವಸ್ತ್ರ ತೆಗೆದು ಕೂರಬೇಕು. ಗುಣಮಟ್ಟ ನೋಡುವ ಬು ರೆತ್ನೊ ಎಂಬಾಕೆ ಮೂರು ಬೆರಳಲ್ಲಿ ಒಂದು ಚಿಟಿಕೆ ಕೂದಲು ಹಿಡಿದು ಎಳೆಯುತ್ತಿದ್ದಳು; ಕೈಗೆ ಬಂದಷ್ಟನ್ನು ಬಿಳಿ ಕಾಗದದ ಮೇಲೆ ಇಡುತ್ತಿದ್ದಳು. ಪಾಕ್ ಹೆಂದಾರ್ತೊ ಬಾಗಿಲಾಚೆ ನಿಂತಿದ್ದರು. ಮರ್ಯಾದಸ್ಥರು, ಬೆನ್ನು ತಿರುಗಿಸಿಕೊಂಡಿದ್ದರು. ಆದರೆ ಲೆಕ್ಕವನ್ನು ಅವರ ಕಿವಿಗೇ ಹೇಳಬೇಕಿತ್ತು.

“ದಾರ್ಸಿತಿ. ನಾಲ್ಕು.”

ಆ ಚಾಪೆಗಳ ಮೇಲೆ ನಾನು ದಿನಾ ತಲೆ ಬಾಗಿಸುವುದು ಒಬ್ಬನಿಗೆ. ಅವತ್ತು ಅದೇ ಜಾಗದಲ್ಲಿ ಬು ರೆತ್ನೊಳ ಉಗುರಿಗೆ ಬಾಗಿಸಿದೆ. ಎದ್ದು ವಸ್ತ್ರ ಸುತ್ತಿಕೊಳ್ಳುವಾಗ ಪಿನ್ನು ಎರಡು ಸಲ ಬೆರಳಿಗೆ ಚುಚ್ಚಿತು. “ಹೂಂ” ಅಂದೆ, ಯಾರೂ ಏನೂ ಕೇಳದಿದ್ದರೂ.

“ವಾರ್ತಿನಿ.” ಬು ರೆತ್ನೊ ಚಿಟಿಕೆ ಹಿಡಿದಳು. ಎಣಿಸಿದಳು. ಮತ್ತೆ ಎಣಿಸಿದಳು. “ಪಾಕ್... ಇಪ್ಪತ್ಮೂರು.”

“ಎಷ್ಟು?”

“ಎಳೀಲೇ ಇಲ್ಲ ಪಾಕ್, ಮುಟ್ಟಿದೆ ಅಷ್ಟೇ.”

ವಾರ್ತಿನಿ ಕುರ್ಚಿಯಲ್ಲಿ ಕೂತೇ ಹೇಳಿದಳು: “ಇನ್ನೂ ಬೇಕಿದ್ರೆ ತಗಳಿ ಬು. ನಾಚ್ಕೋಬ್ಯಾಡಿ. ಒಂದು ವಿಗ್ಗಿಗೆ ಆಗೋವಷ್ಟು ಸೇರಿದ್ರೆ ನಂಗೇ ಹಾಕ್ಬುಡಿ.”

ಆಮೇಲೆ ಸ್ಟೂಲಿಗೆ ಬಂದು ಕೂತು ತಲೆವಸ್ತ್ರವನ್ನು ಇನ್ನೊಂದು ಸುತ್ತು ಬಿಗಿದುಕೊಂಡಳು. ಅವಳು ಐದು ತಿಂಗಳ ಬಸುರಿ. ಕೈಗೆ ಒಂದು ಕಾಗದ ಕೊಟ್ಟಿದ್ದರು: ಅವಳು ಕಟ್ಟಿದ ವಿಗ್ಗಿನಲ್ಲಿ ಇನ್ನೊಂದು ಉದುರಿದ ಕೂದಲು ಸಿಕ್ಕರೆ ಅವಳು ಮನೆಗೆ. ಅವಳ ಗಂಡ ಮರಳು ತೆಗೆಯುವ ಕೆಲಸದಲ್ಲಿ ಕಾಲು ಮುರಿದುಕೊಂಡು ಮನೆಯಲ್ಲೇ ಇದ್ದ. ಅವಳ ಮನೆಯ ಒಲೆಗೆ ಇದ್ದದ್ದು ಇದೊಂದೇ ಸ್ಟೂಲು.

“ಯು,” ಎಂದಳು ಸೂಜಿಗೆ ಕೂದಲು ಸಿಕ್ಕಿಸುತ್ತ, “ಉದುರಬ್ಯಾಡ ಅಂತ ಕೂದ್ಲಿಗೆ ದೇವರ ಯಾವ ಮಾತಲ್ಲಿ ಹೇಳೋದು?”

“ಹೂಂ” ಅಂದೆ.

*

ಕಂಪನಿಯೂ ಸುಮ್ಮನಿರಲಿಲ್ಲ. ಪಟ್ಟಣದಿಂದ ಆಹಾರದ ವಿಷಯ ಓದಿದ ಒಬ್ಬ ತಜ್ಞೆಯನ್ನು ಕರೆಸಿತು. ಬು ಅನಿಂದ್ಯ ಎಂದು ಹೆಸರು. ಚಿಕ್ಕ ಪ್ರಾಯ, ದೊಡ್ಡ ಕನ್ನಡಕ, ಒಳ್ಳೆಯ ಮನಸ್ಸು. ಊಟದ ಶೆಡ್ಡಿನಲ್ಲಿ ಬಿಳಿ ಬಟ್ಟೆ ಕಟ್ಟಿ ಚಿತ್ರ ಬಿಟ್ಟಳು. ಮುಂದಿನ ಬೆಂಚಿನಲ್ಲಿ ಪಾಕ್ ಹೆಂದಾರ್ತೊ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು.

“ನಮ್ಮ ಮೈ ಕಟ್ಟಿರೋದು ಪ್ರೊಟೀನಿನಿಂದ,” ಎಂದಳು ಬು ಅನಿಂದ್ಯ. “ಸ್ನಾಯು, ರಕ್ತ, ಉಗುರು, ಕೂದಲು, ಎಲ್ಲ. ಈ ಪ್ರೊಟೀನು ಮಣಿಸರ ಇದ್ದ ಹಾಗೆ. ಮಣಿಗಳಿಗೆ ಅಮೈನೊ ಆಮ್ಲ ಅಂತ ಹೆಸರು. ಇಪ್ಪತ್ತು ಥರದ ಮಣಿ. ಹನ್ನೊಂದನ್ನು ಮೈ ತಾನೇ ಮಾಡ್ಕೊಳ್ಳುತ್ತೆ. ಒಂಬತ್ತನ್ನು ಮಾಡೋಕೆ ಬರೋದಿಲ್ಲ, ಊಟದಿಂದಲೇ ಬರಬೇಕು. ಒಂದು ಮಣಿ ಕಡಿಮೆ ಬಿದ್ದರೂ ಸರ ಅಲ್ಲಿಗೇ ನಿಲ್ಲುತ್ತೆ.”

ನಮಗೆ ಅದು ಚೆನ್ನಾಗಿ ಅರ್ಥವಾಯಿತು. ಬೆಳಗಿಂದ ಸಂಜೆವರೆಗೆ ಒಂದೊಂದೇ ಪೋಣಿಸುವವರು ನಾವು.

“ಮೈಗೆ ಮಣಿ ಸಾಲದೆ ಹೋದರೆ ಅದು ಜಾಣತನ ಮಾಡುತ್ತೆ. ಹೃದಯಕ್ಕೆ ಮೊದಲು ಕೊಡುತ್ತೆ, ಹೊಟ್ಟೇಲಿ ಕೂಸಿದ್ದರೆ ಅದಕ್ಕೆ ಕೊಡುತ್ತೆ. ಕೂದಲಿಗೆ ಕೊನೇಲಿ. ಅದಕ್ಕೇ ಕೂದಲು ಉದುರೋದು. ಕೂದಲು ಅಂದರೆ ಪೂರ್ತಿ ಪ್ರೊಟೀನೇ.”

ವಾರ್ತಿನಿ ಕೈ ಎತ್ತಿದಳು. “ಬು, ಒಂದು ಮಾತು. ಕೂದ್ಲೆಲ್ಲ ಪ್ರೊಟೀನೇ ಅಂದ್ರೆ, ಈ ಗೋದಾಮಲ್ಲಿ ನಲವತ್ತು ಮೂಟೆ ಬಿದ್ದದೆ. ಒಂದು ಹಿಡಿ ಹುರ್ಕಂಡು ಅನ್ನಕ್ಕೆ ಕಲಸ್ಕಬೋದಾ?”

ಶೆಡ್ಡು ಹಾರಿಹೋಗುವ ಹಾಗೆ ನಗು. ಬು ಅನಿಂದ್ಯಳೂ ನಕ್ಕಳು. “ಹೊಟ್ಟೆಗೆ ಅದನ್ನ ಬಿಡಿಸೋಕೆ ಆಗಲ್ಲ ಯು.”

“ಹಂಗನ್ನಿ. ಅಗೀಲಿಕ್ಕೂ ಆಗದು, ಬುಡಕ್ಕೂ ಆಗದು. ಥೇಟ್ ಈ ಕೆಲಸದಂಗೇ.”

ಬು ಅನಿಂದ್ಯ ಮುಂದೆ ಹೇಳಿದಳು: ಅಕ್ಕಿಯಲ್ಲಿ ಒಂದು ಮಣಿ ಕಮ್ಮಿ, ಅದರ ಹೆಸರು ಲೈಸಿನ್. ಸೋಯಾದಲ್ಲಿ ಅದು ಧಾರಾಳ. ಸೋಯಾದಲ್ಲಿ ಕಮ್ಮಿ ಇರುವ ಇನ್ನೊಂದು ಮಣಿ ಅಕ್ಕಿಯಲ್ಲಿದೆ. ಎರಡನ್ನೂ ಕೂಡಿಸಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ನನ್ನ ಎದೆಯಲ್ಲಿ ಏನೋ ಎದ್ದು ಕೂತಿತು. ಇದನ್ನು ನಾನು ಎಲ್ಲೋ ಕೇಳಿದ್ದೆ. ಚಿತ್ರದಲ್ಲಲ್ಲ, ಹೊಳೆಯ ಬದಿಯಲ್ಲಿ. ನನ್ನ ಅಜ್ಜಿ ಉಟ್ಟ ಬಟ್ಟೆ ಎತ್ತಿ ಕಟ್ಟಿ, ಬುಟ್ಟಿಯಲ್ಲಿ ಕಾಳು ತುಳಿಯುತ್ತ, ಕಾಲಿನ ಲಯಕ್ಕೆ ಹಾಡಿಕೊಳ್ಳುತ್ತಿದ್ದಳು. ನನಗೆ ಗೊತ್ತಾಗದೆಯೇ ತುಟಿ ಆಡಿತು. ಪಕ್ಕದಲ್ಲಿದ್ದ ವಾರ್ತಿನಿ ಕೂಗಿಬಿಟ್ಟಳು: “ಬು! ನಮ್ ಹೂಂ ಯು ಬಾಯಲ್ಲಿ ಏನೋ ಬತ್ತಾ ಐತೆ!”

ಎಲ್ಲರೂ ತಿರುಗಿದರು. ಇನ್ನು ನುಂಗುವಂತಿರಲಿಲ್ಲ. ನಾನು ನೆಲ ನೋಡಿಕೊಂಡೇ ಹೇಳಿದೆ:

“ಅಕ್ಕಿಯಕ್ಕ ಒಬ್ಬಳೇ ಹೋದರೆ
ಒಡಲ ಬಾಗಿಲು ಅರೆ ತೆರೆದೀತು.
ಕಾಳಿನ ತಂಗಿಯ ಕೈ ಹಿಡಿದು ಹೋದರೆ
ಎಲುಬಿಗೆ ಎಲುಬು ಸೇರಿ ಮನೆ ನಿಂತೀತು.”

ಬು ಅನಿಂದ್ಯ ಕನ್ನಡಕ ತೆಗೆದು ಒರೆಸಿಕೊಂಡಳು. “ಇದನ್ನ ಕಲಿಯೋಕೆ ನಾನು ನಾಲ್ಕು ವರ್ಷ ಓದಿದೆ” ಎಂದಳು. ಪದ್ಯವನ್ನು ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ತಿರುಗಿ ಕೇಳಿದಳು: “ಇಲ್ಲಿ ಊಟಕ್ಕೆ ತೆಂಪೆ ಕೊಡ್ತೀರಾ ಪಾಕ್?”

“ದಿನಾ!” ಎಂದರು ಪಾಕ್ ಹೆಂದಾರ್ತೊ. “ಒಂದು ದಿನವೂ ತಪ್ಪಿಸಿಲ್ಲ.”

“ಬಹಳ ಒಳ್ಳೇದು.”

ಕಾಸ್ಮಿನಿ ಗೂಡುಕಿಟಕಿಯಿಂದ ಕೈ ಚಾಚಿ ಒಂದು ತಟ್ಟೆ ಮುಂದೆ ತಳ್ಳಿದಳು. ಮೇಲೆ ಒಂದೇ ಬಿಲ್ಲೆ. ಬು ಅನಿಂದ್ಯ ಅದನ್ನು ಎತ್ತಿಕೊಂಡಳು, ತಿರುಗಿಸಿದಳು, ಇನ್ನೊಮ್ಮೆ ತಿರುಗಿಸಿದಳು. ಅವಳಿಗೂ ವಾರ್ತಿನಿಯ ಸಂಶಯವೇ ಬಂದಿರಬೇಕು. ಹೋಗುವ ಮೊದಲು ಕಾಗದದಲ್ಲಿ ಬರೆದು ಕೊಟ್ಟಳು: ತಲಾ ಬೆರಳು ದಪ್ಪದ ನಾಲ್ಕು ಬಿಲ್ಲೆ, ದಿನಕ್ಕೊಂದು ಮೊಟ್ಟೆ, ಬಸುರಿಯರಿಗೆ ಎರಡು.

“ಖಂಡಿತ, ಖಂಡಿತ” ಎಂದರು ಪಾಕ್ ಹೆಂದಾರ್ತೊ.

ಮುಂದಿನ ವಾರ ಮೊಟ್ಟೆ ಬಂತು. ಗೋಡೆಗೆ. ಆಳೆತ್ತರದ ಬಣ್ಣದ ಚಿತ್ರ: ಒಂದು ಬಟ್ಟಲಲ್ಲಿ ಮೊಟ್ಟೆ, ಪಕ್ಕದಲ್ಲಿ ಮೀನು, ಕೆಳಗೆ ಇಟ್ಟಿಗೆಯಂಥ ತೆಂಪೆ. ಮೇಲೆ ದೊಡ್ಡ ಅಕ್ಷರ: ‘ನಿಮ್ಮ ಆರೋಗ್ಯ ನಿಮ್ಮ ಕೈಯಲ್ಲಿ’. ಊಟಕ್ಕೆ ಬಂದವರೆಲ್ಲ ಮೊದಲು ಅದಕ್ಕೆ ಸಲಾಮು ಹೇಳಿ ಕೂರುತ್ತಿದ್ದರು.

“ಮೊಟ್ಟೆಯಪ್ಪ, ಉಂಡೆಯಾ?”

“ಅಯ್ಯೋ ಮುಂಡೇದೇ, ಬೆರಳು ತೋರಿಸ್ಬ್ಯಾಡ, ಎಂಜಲಾಯ್ತದೆ.”

ಬಿಲ್ಲೆ ಮಾತ್ರ ಅಚ್ಚಿನದೇ.

*

ಒಂದು ಶುಕ್ರವಾರ ವಾರ್ತಿನಿ ಸ್ಟೂಲಿನಿಂದ ಪಕ್ಕಕ್ಕೆ ವಾಲಿ ನನ್ನ ಮಡಿಲಿಗೆ ಬಿದ್ದಳು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟು ಮೊದಲು ಕೇಳಿದ್ದು: “ವಿಗ್ ಮ್ಯಾಲೆ ಕೂದ್ಲು ಬಿತ್ತಾ ಯು? ನೋಡು, ನೋಡು.” ನಾನು ನೋಡಿದೆ. ಎರಡು ಬಿದ್ದಿದ್ದವು. ತೆಗೆದು ನನ್ನ ತಲೆವಸ್ತ್ರದೊಳಗೆ ತುರುಕಿಕೊಂಡೆ.

ಅವತ್ತಿನಿಂದ ಸಾಲಿನವರೆಲ್ಲ ಬಿಲ್ಲೆಯ ತುದಿ ಮುರಿದು ಅವಳ ತಟ್ಟೆಗೆ ಹಾಕತೊಡಗಿದರು. ಅವಳು ಬಯ್ಯುತ್ತಲೇ ತಿಂದಳು. “ಹಾದರಗಿತ್ತೀರಾ, ಕೋಳಿಗೆ ಕಾಳು ಹಾಕ್ದಂಗೆ ಹಾಕ್ತೀರಲ್ಲೇ!”

ಕಾಸ್ಮಿನಿ ಅಷ್ಟಕ್ಕೆ ನಿಲ್ಲಲಿಲ್ಲ. ಒಂದು ದಿನ ಅಚ್ಚಿನ ಒಂದು ಸೀಳನ್ನು ಬಿಟ್ಟು ಮುಂದಿನದರಲ್ಲಿ ಚಾಕು ಇಳಿಸಿದಳು. ಎರಡು ಬಿಲ್ಲೆಯ ದಪ್ಪ ಒಂದರಲ್ಲಿ. ಅದನ್ನು ಅನ್ನದ ಕೆಳಗೆ ಮುಚ್ಚಿ ವಾರ್ತಿನಿಯ ತಟ್ಟೆಗೆ ಹಾಕಿದಳು. ಮಾರನೆಯ ದಿನವೂ. ಮೂರನೆಯ ದಿನ ಪಾಕ್ ಹೆಂದಾರ್ತೊ ಬಂದು ಚಮಚದ ಹಿಡಿಯಿಂದ ವಾರ್ತಿನಿಯ ಅನ್ನವನ್ನು ಕೆದಕಿದರು.

ಅವರು ಕೂಗಾಡಲಿಲ್ಲ. ಕೂಗಾಡಿದರೆ ಇಸ್ತ್ರಿ ಹಾಳಾಗುತ್ತದೆ. ಆ ಬಿಲ್ಲೆಯನ್ನು ಒಂದು ತಟ್ಟೆಯಲ್ಲಿಟ್ಟು ಕಾಸ್ಮಿನಿಯ ಕೈಗೆ ಕೊಟ್ಟು, ಗೋಡೆಯ ಮೊಟ್ಟೆಯ ಕೆಳಗೆ ನಿಲ್ಲಿಸಿದರು.

“ಹೇಳು. ಎಲ್ಲರಿಗೂ ಕೇಳೋ ಹಾಗೆ.”

“ಏನ್ ಹೇಳ್ಲಿ ಪಾಕ್?”

“ನಾನು ಕದ್ದೆ ಅಂತ.”

ಕಾಸ್ಮಿನಿ ತಟ್ಟೆ ನೋಡಿದಳು. “ನಾನು ಕದ್ದೆ,” ಎಂದಳು. “ಎರಡು ಅಕ್ಕಿಕಾಳು ದಪ್ಪ ಕದ್ದೆ. ಅಲ್ಲಾ ಕ್ಷಮಿಸ್ಲಿ. ಅವನಿಗೆ ಕಾಣೋವಷ್ಟು ದೊಡ್ಡದಾ ಅಂತ ನಂಗೆ ಅನುಮಾನ.”

ನಗು ಬರಬೇಕಿತ್ತು. ಯಾರಿಗೂ ಬರಲಿಲ್ಲ. ಊಟದ ಹೊತ್ತು ಮುಗಿಯುವವರೆಗೆ ಅವಳು ಹಾಗೇ ನಿಂತಿದ್ದಳು. ವಾರ್ತಿನಿ ಅನ್ನ ಬಿಟ್ಟು ಎದ್ದಳು. ಕಾಸ್ಮಿನಿಯೇ ಗದರಿದಳು: “ಕುಂತ್ಕಂಡು ತಿನ್ನೇ ಬೋಳಿ! ನಾನು ನಿಂತಿರೋದು ದಂಡ ಆಯ್ತದೆ.”

*

ಆಮೇಲೆ ಸುದ್ದಿ ಬಂತು. ವಿಗ್ ಕೊಳ್ಳುವ ಹೊರದೇಶದವರೇ ನೋಡಲು ಬರುತ್ತಾರೆ. ಕೆಲಸದವರು ಏನು ತಿನ್ನುತ್ತಾರೆ, ಹೇಗಿದ್ದಾರೆ ಎಂದು ಅವರ ಊರಲ್ಲಿ ಯಾರೋ ಕೇಳಿದ್ದಾರಂತೆ.

ಬರುವ ದಿನ ಬೆಳಿಗ್ಗೆ ಪಾಕ್ ಹೆಂದಾರ್ತೊ ನಮ್ಮಿಬ್ಬರನ್ನು ಅಡುಗೆಮನೆಗೆ ಕರೆಸಿದರು. ಕಾಸ್ಮಿನಿ ಅಲ್ಲೇ ಇದ್ದಳು. ವಾರ್ತಿನಿಯನ್ನು ಕರೆಸಿದ್ದು ಹೊಟ್ಟೆಗಾಗಿ, ನನ್ನನ್ನು ಕರೆಸಿದ್ದು ಪದ್ಯಕ್ಕಾಗಿ. ಮೇಜಿನ ಮೇಲೆ ಹತ್ತು ಬುಟ್ಟಿ ಮೊಟ್ಟೆ. ನಿಜವಾದವು. ಒಂದೆರಡಕ್ಕೆ ಕೋಳಿಯ ಪುಕ್ಕ ಕೂಡ ಅಂಟಿಕೊಂಡಿತ್ತು.

“ಬು ಕಾಸ್ಮಿನಿ,” ಎಂದರು. ಅವಳ ಹೆಸರಿಗೆ ಅವರು ‘ಬು’ ಸೇರಿಸಿದ್ದು ಅದೇ ಮೊದಲು. ಅವಳು ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡಿದಳು. “ಇವತ್ತು ಅಚ್ಚು ಬೇಡ. ಹೆಬ್ಬೆರಳು ದಪ್ಪ. ತಲಾ ನಾಲ್ಕು. ಎಲ್ಲರಿಗೂ ಎರಡೆರಡು ಮೊಟ್ಟೆ. ವಾರ್ತಿನಿ, ನೀನು ಮುಂದೆ ಕೂರಬೇಕು. ದಿನಾ ಹೀಗೇನಾ ಅಂತ ಕೇಳಿದರೆ, ದಿನಾ ಹೀಗೇ. ಎಲ್ಲ ಸರಿಯಾಗಿ ನಡೆದರೆ ನಿನ್ನ ಆ ಕಾಗದ ಹರಿದು ಹಾಕ್ತೀನಿ. ದಾರ್ಸಿತಿ, ನಾನು ಸನ್ನೆ ಮಾಡಿದಾಗ ಅಕ್ಕ-ತಂಗಿ ಪದ್ಯ. ಅವರಿಗೆ ಇಂಥದ್ದು ಬಹಳ ಇಷ್ಟ.”

“ಹೂಂ ಪಾಕ್” ಅಂದೆ.

ಅವರು ಹೋದ ಮೇಲೆ ನಾವು ಮೂವರೂ ಮೊಟ್ಟೆ ನೋಡುತ್ತ ನಿಂತೆವು. ವಾರ್ತಿನಿ ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡಳು.

“ನಾಳಿಕ್ಕೆ?” ಎಂದಳು ಕಾಸ್ಮಿನಿ.

“ನಾಳಿಕ್ಕೆ ಗೋಡೆ ಮೇಲಿಂದು.”

“ನೀ ಹೇಳು. ಹೊಟ್ಟೆ ನಿಂದು, ಕಾಗದಾನೂ ನಿಂದು. ನೀ ಕುಯ್ಯಿ ಅಂದ್ರೆ ಇಟ್ಟಿಗೆಯಂಗೆ ಕುಯ್ತೀನಿ.”

ವಾರ್ತಿನಿ ಮೊಟ್ಟೆಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಆಮೇಲೆ ಹುಷಾರಾಗಿ ಬುಟ್ಟಿಯಲ್ಲಿಟ್ಟಳು, ಪುಕ್ಕ ಮೇಲಾಗಿ.

“ಈ ಒಳಗಿರೋದು ಇವತ್ತು ಎರಡು ಮೊಟ್ಟೆ ತಿಂದು, ಹುಟ್ಟೋಗಂಟ ಅದ್ನೇ ನೆನೆಸ್ಕಂಡು ಬೆಳೀಬೇಕಾ ಯು? ಇವತ್ತು ದಪ್ಪ ತಿಂದ್ರೆ, ದಿನಾ ದಪ್ಪ ತಿಂದೆ ಅಂತ ಬರ್ಕೊಂಡೋಯ್ತಾರೆ. ಆಮ್ಯಾಕೆ ನಾನು ಬಿದ್ರೆ, ತಿಂದೂ ಬಿದ್ಲು ಸೋಮಾರಿ ಅಂತಾರೆ. ಅಚ್ಚು ಎಲ್ಲೈತೆ?”

ಕಾಸ್ಮಿನಿ ಅಚ್ಚನ್ನು ಮೊರದ ಕೆಳಗಿಂದ ಎಳೆದಳು. ನನ್ನ ಕಡೆ ತಿರುಗಿದಳು. “ದಾರ್ಸಿತಿ, ಇವತ್ತೊಂದಿನ ನಿನ್ ಹೂಂ ನಂಗೆ ಕೊಡು. ಆ ಮನ್ಸ ಬಂದು ಬಂದು ಕೇಳ್ತಾನೆ. ನಂಗೆ ಹೂಂ ಅಂದು ಅಭ್ಯಾಸಿಲ್ಲ.”

ಅವರು ಬೆಳಿಗ್ಗೆ ಮೂರು ಸಲ ಬಂದರು. ಬಾಗಿಲಿಂದಲೇ ಕೇಳಿದರು: “ಆಗ್ತಾ ಇದೆಯಾ?”

“ಹೂಂ ಪಾಕ್” ಎಂದಳು ಕಾಸ್ಮಿನಿ, ಮೂರು ಸಲವೂ, ಥೇಟ್ ನನ್ನ ದನಿಯಲ್ಲಿ. ಚಾಕು ಅಚ್ಚಿನ ಸೀಳಿನಲ್ಲಿ ಇಳಿಯುತ್ತಿತ್ತು. ಒಂದು ಸೀಳನ್ನೂ ಬಿಡದೆ.

*

ಬಂದವರು ಇಬ್ಬರು: ಗಿಡ್ಡಗೆ ಕತ್ತರಿಸಿದ ಬಿಳಿ ಕೂದಲಿನ ಒಬ್ಬ ಹೆಂಗಸು, ಮಾತು ತಿರುಗಿಸಿ ಹೇಳುವ ಒಬ್ಬ ಗಂಡಸು. ಪಾಕ್ ಹೆಂದಾರ್ತೊ ಅವರನ್ನು ಗೋಡೆಯ ಮೊಟ್ಟೆಯ ಮುಂದೆ ನಿಲ್ಲಿಸಿ ವಿವರಿಸುತ್ತಿದ್ದರು. ನಮ್ಮ ತಟ್ಟೆಗಳು ಅದಾಗಲೇ ಬೆಂಚಿನ ಮೇಲಿದ್ದವು. ಅನ್ನ, ಒಂದು ಸೌಟು ಸೊಪ್ಪಿನ ನೀರು, ಒಂದು ಬಿಲ್ಲೆ. ಪಾಕ್ ಹೆಂದಾರ್ತೊ ತಿರುಗಿ ನೋಡಿದರು. ಚಿತ್ರದತ್ತ ಚಾಚಿದ್ದ ಬೆರಳು ಕೆಳಗಿಳಿಯಿತು.

ಸೀದಾ ಗೂಡುಕಿಟಕಿಗೆ ಹೋದರು. ನನ್ನ ಜಾಗ ಅದರ ಪಕ್ಕದಲ್ಲೇ. ನನಗೆ ಎಲ್ಲ ಕೇಳಿಸಿತು.

“ಮೊಟ್ಟೆ ಎಲ್ಲಿ?”

“ಬುಟ್ಟೀಲಿ ಅವೆ ಪಾಕ್. ಒಂದೂ ಒಡೆದಿಲ್ಲ. ನಾಳೆ ಬೇಯಿಸ್ತೀನಿ, ನಾಳಿದ್ದು ಬೇಯಿಸ್ತೀನಿ. ದಿನಾ ಬೇಯಿಸ್ತೀನಿ, ನೀವು ಹೂಂ ಅನ್ನಿ.”

“ನಿನ್ನನ್ನ...” ಎಂದರು. ಹೊರದೇಶದ ಹೆಂಗಸು ಹತ್ತಿರ ಬರುತ್ತಿದ್ದಳು. ಅವರು ಮುಖಕ್ಕೆ ನಗು ಹಾಕಿಕೊಂಡು ತಿರುಗಿದರು. ಕೈ ಚಪ್ಪಾಳೆ ತಟ್ಟಿದರು. “ಮೊದಲು ಒಂದು ಪದ್ಯ! ನಮ್ಮ ಸೀಮೆಯ ಹಳೇ ಪದ್ಯ, ಆಹಾರದ ಮೇಲೆ. ದಾರ್ಸಿತಿ, ಎದ್ದೇಳಮ್ಮ.”

ಎದ್ದೆ. ಹೂಂ ಅನ್ನಲು ಬಾಯಿ ತೆರೆದೆ. ಅದನ್ನು ಕಾಸ್ಮಿನಿಗೆ ಕೊಟ್ಟುಬಿಟ್ಟಿದ್ದೆನಲ್ಲ, ಬರಲಿಲ್ಲ. ಅಪ್ಪ ಓದುವ ಮೊದಲು ಒಮ್ಮೆ ಉಸಿರು ಎಳೆದು ಬಿಡುತ್ತಿದ್ದ. ಹಾಗೇ ಮಾಡಿದೆ. ಬಿಸ್ಮಿಲ್ಲಾ ಎಂದುಕೊಂಡೆ.

“ಅಕ್ಕಿಯಕ್ಕ ಒಬ್ಬಳೇ ಹೋದರೆ...” ಎಂದೆ. ದನಿ ನನ್ನದೇ ಅಲ್ಲವೇನೋ ಎಂಬಷ್ಟು ಗಟ್ಟಿಯಾಗಿ ಬಂತು. “ಒಡಲ ಬಾಗಿಲು ಅರೆ ತೆರೆದೀತು.”

ಗಂಡಸು ಅದನ್ನು ಆಕೆಯ ಭಾಷೆಗೆ ತಿರುಗಿಸಿದ. ಆಕೆ ತಲೆಯಾಡಿಸಿ ನಕ್ಕಳು.

“ಕಾಳಿನ ತಂಗಿಯ...” ಎಂದೆ. ತಟ್ಟೆಯಿಂದ ತಂಗಿಯನ್ನು ಎರಡು ಬೆರಳಲ್ಲಿ ಎತ್ತಿದೆ. ಕಿಟಕಿಗೆ ಅಡ್ಡ ಹಿಡಿದೆ.

ಬಿಸಿಲು ಬಿಲ್ಲೆಯಲ್ಲಿ ತೂರಿ ಬಂದು ಆ ಹೆಂಗಸಿನ ಬಿಳಿ ಅಂಗಿಯ ಮೇಲೆ ಚುಕ್ಕಿ ಇಟ್ಟಿತು. ಆಕೆ ಚುಕ್ಕಿ ನೋಡಿದಳು. ಬಿಲ್ಲೆ ನೋಡಿದಳು. ಗೋಡೆಯ ಮೇಲಿನ ಇಟ್ಟಿಗೆಯಂಥ ತೆಂಪೆ ನೋಡಿದಳು. ಗಂಡಸಿಗೆ ತಿರುಗಿಸಿ ಹೇಳಲು ಏನೂ ಇರಲಿಲ್ಲ.

ನನ್ನ ಎಡಕ್ಕೆ ವಾರ್ತಿನಿಯ ಕೈ ಮೇಲೆ ಹೋಯಿತು. ಅವಳ ಪಕ್ಕದವಳದು. ಹಿಂದಿನ ಸಾಲಿನಲ್ಲಿ ತಟ್ಟೆಗಳ ಸದ್ದಾಯಿತು, ತಿರುಗಿ ನೋಡಲಿಲ್ಲ. ಶೆಡ್ಡಿನ ತುಂಬ ಸಣ್ಣ ಹಳದಿ ಕಿಟಕಿಗಳು ತೆರೆದ ಹಾಗಿತ್ತು ಎಂದು ಕಾಸ್ಮಿನಿ ಆಮೇಲೆ ಹೇಳಿದಳು.

ಪಾಕ್ ಹೆಂದಾರ್ತೊ ಯಾರ ಹತ್ತಿರವೂ ಹೋಗಲಿಲ್ಲ. ನನ್ನ ಹತ್ತಿರ ಬಂದರು. ಹನ್ನೊಂದು ವರ್ಷ ಇಲ್ಲವೆನ್ನದವಳು ನಾನು, ಅವರಿಗೂ ಅದು ಗೊತ್ತು. ನಗು ಇನ್ನೂ ಮುಖದ ಮೇಲಿತ್ತು. ತುಟಿ ಮಾತ್ರ ಆಡಿತು.

“ದಾರ್ಸಿತಿ, ನೀನು ಒಳ್ಳೆಯವಳು. ನೀನು ಇಟ್ಟರೆ ಅವರೂ ಇಡ್ತಾರೆ. ದಮ್ಮಯ್ಯ ಅಂತೀನಿ, ಕೆಳಗಿಡು.”

“ಇಡಕಿಲ್ಲ, ಪಾಕ್.”